ಎಪ್ಪತ್ಮೂರು ಬೇಡ, ಒಂದು ಕೊಡಿ

ನಮ್ಮ ಶಾಲೆಯಲ್ಲಿ ಭಾರತದ ಸಂವಿಧಾನಕ್ಕೆ ಏಳು ಒಂದನೇ ತಿದ್ದುಪಡಿಗಳಿದ್ದವು ಎಂದರೆ ಕೇಳಿದವರು ನಗುತ್ತಾರೆ. ಆ ಏಳರಲ್ಲಿ ಒಂದನ್ನು ಮಾಡಿಸಿದವಳು ನಾನೇ ಎಂದರೆ ನಗು ನಿಲ್ಲಿಸಿ ನನ್ನ ಮುಖ ನೋಡುತ್ತಾರೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳುತ್ತಾ ಒಬ್ಬೊಬ್ಬರ ಮುಂದೆಯೂ ತಲೆ ತಗ್ಗಿಸುವುದಕ್ಕಿಂತ ಒಂದೇ ಸಲ ಬರೆದು, ಒಂದೇ ಸಲ ತಗ್ಗಿಸಿಬಿಡುವುದು ಮೇಲು.

ದೊಡ್ಡಬೆಳವಂಗಲದಿಂದ ಮೂರು ಮೈಲಿಯಾಚೆ ನಮ್ಮ ಕೆಂಚನಕುಂಟೆ. ಅಲ್ಲಿನ ಪ್ರೌಢಶಾಲೆಯಲ್ಲಿ ಬಿಸಿಯೂಟದ ಅಡುಗೆ ನನ್ನದು. ನನ್ನ ಹೆಸರು ಅಮ್ಮಯಮ್ಮ. ಅಡುಗೆಮನೆಗೂ ಹತ್ತನೇ ತರಗತಿಗೂ ನಡುವೆ ಒಂದು ಕಿಟಕಿಯಿದೆ. ಅದರಲ್ಲಿ ಒಗ್ಗರಣೆಯ ಘಾಟು ಆ ಕಡೆ ಹೋಗುತ್ತದೆ, ಪಾಠ ಈ ಕಡೆ ಬರುತ್ತದೆ. ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ನಾನು ಮಿಕ್ಕ ವಿದ್ಯೆಯನ್ನೆಲ್ಲ ಕಲಿತದ್ದು ಆ ಕಿಟಕಿಯಲ್ಲೇ. ಅದರ ಪಕ್ಕದ ಬೆಂಚಿನಲ್ಲಿ ನನ್ನ ಮೊಮ್ಮಗಳು ಮೇಘನ ಕೂರುತ್ತಿದ್ದಳು.

ಅಕ್ಟೋಬರಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಿಗೆ ವರ್ಗವಾಯಿತು. ಹೆಡ್‌ಮೇಡಂ ಸಂಘಮಿತ್ರ ಅವರು ಡ್ರಿಲ್ ಮೇಷ್ಟ್ರು ಮುನೀಂದ್ರರನ್ನು ಕರೆದು, "ಹೊಸಬರು ಬರೋವರೆಗೂ ಸಮಾಜ ತಗೋತೀರಾ ಮೇಷ್ಟ್ರೇ?" ಎಂದು ಕೇಳಿದರು.

"ತಗೋತೀನಿ ಮೇಡಂ."

ಮುನೀಂದ್ರ ಮೇಷ್ಟ್ರು ಸಾಧುಪ್ರಾಣಿ. ಅವರಲ್ಲಿ ಇದ್ದದ್ದು ಒಂದೇ ಕೊರತೆ. ಇಲ್ಲ ಎನ್ನುವ ಮಾತು ಅವರ ಬಾಯಿಗೆ ಬರುತ್ತಿರಲಿಲ್ಲ. ಖೋಖೋ ಆಡಿಸುವಾಗ ಒಬ್ಬ "ಔಟು ಸಾರ್" ಎಂದರೆ "ಹೌದಪ್ಪ" ಎನ್ನುವರು. ಔಟಾದವನು "ಇಲ್ಲ ಸಾರ್, ಮುಟ್ಟಿಲ್ಲ" ಎಂದರೆ ಅವನಿಗೂ "ಹೌದಪ್ಪ" ಎನ್ನುವರು. ಅವರು ತೀರ್ಪುಗಾರರಾದ ಪಂದ್ಯಗಳು ಗೆಲುವು ಸೋಲಿನಿಂದ ಮುಗಿಯುತ್ತಿರಲಿಲ್ಲ, ಸೂರ್ಯ ಮುಳುಗಿ ಮುಗಿಯುತ್ತಿದ್ದವು.

ನವೆಂಬರ್ ಮೊದಲ ವಾರದಲ್ಲಿ ಪರಿವೀಕ್ಷಕ ರವಿಶಂಕರ್ ಅವರು ಶಾಲೆಗೆ ಬಂದರು. "ಸಂವಿಧಾನದ ತಿದ್ದುಪಡಿಗಳನ್ನ ಹೇಳಿಕೊಟ್ಟಿದೀರಾ?" ಎಂದು ಕೇಳಿದರು. ಮೇಷ್ಟ್ರು ಆ ಪಾಠದ ಪುಟವನ್ನೇ ತೆರೆದಿರಲಿಲ್ಲ. "ಆಗಿದೆ ಸಾರ್," ಎಂದರು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. "ಒಬ್ಬೊಬ್ಬ ಮಗುಗೂ ಒಂದೊಂದು ತಿದ್ದುಪಡಿ ನೀರು ಕುಡಿದಂಗೆ ಬರುತ್ತೆ ಸಾರ್," ಎಂದೂ ಸೇರಿಸಿದರು.

ರವಿಶಂಕರ್ ಅವರಿಗೆ ಬಹಳ ಸಂತೋಷವಾಯಿತು. "ಹಾಗಾದ್ರೆ ಇಪ್ಪತ್ತನೇ ತಾರೀಖು ಬಂದು ಕೇಳ್ತೀನಿ. ಪ್ರತಿಯೊಬ್ಬರೂ ಅವರವರ ತಿದ್ದುಪಡಿ ಬಗ್ಗೆ ಮಾತಾಡ್ಲಿ. ಚೆನ್ನಾಗಿ ಹೇಳಿದ ಒಬ್ಬರು ಇಪ್ಪತ್ತಾರಕ್ಕೆ ದೊಡ್ಡಬಳ್ಳಾಪುರದಲ್ಲಿ, ತಾಲ್ಲೂಕಿನ ಸಂವಿಧಾನ ದಿನದ ವೇದಿಕೆ ಮೇಲೆ ಮಾತಾಡ್ತಾರೆ."

ಕಿಟಕಿಯಾಚೆ ಮೇಘನ ನೆಟ್ಟಗೆ ಕುಳಿತದ್ದು ನನಗೆ ಕಂಡಿತು. ಅವತ್ತು ಮನೆಗೆ ನಡೆದು ಹೋಗುವಾಗ ಅವಳದು ಒಂದೇ ಮಾತು, "ಅಜ್ಜಿ, ಆ ಮೈಕ್ ಮುಂದೆ ನಾನೇ ನಿಂತ್ಕೋಬೇಕು." ಇದುವರೆಗೆ ಆ ಹುಡುಗಿ ನನ್ನಲ್ಲಿ ಏನನ್ನೂ ಬೇಡಿದವಳಲ್ಲ. ಆಗಲೂ ಬೇಡಲಿಲ್ಲ, ಹೇಳಿದಳು ಅಷ್ಟೇ. ಬೇಡದಿದ್ದವಳಿಗೆ ಕೊಡಿಸಲು ಹೋದದ್ದೇ ನನ್ನ ತಪ್ಪು.

ಹದಿನೈದು ದಿನದಲ್ಲಿ ನಲವತ್ತೊಂದು ಮಕ್ಕಳಿಗೆ ನಲವತ್ತೊಂದು ತಿದ್ದುಪಡಿ ಕಲಿಸಬೇಕು. ಮೇಷ್ಟ್ರು ತಮಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಪ್ರಯೋಗಿಸಿದರು. ಓಟದ ಪಂದ್ಯದಲ್ಲಿ ಹುಡುಗರ ಎದೆಗೆ ನಂಬರು ಕಟ್ಟುವುದಿಲ್ಲವೇ, ಹಾಗೆ. ಮಗ್ಗದ ಮನೆಯ ಮಮತಳ ಹತ್ತಿರ ಬಿಳಿ ಬಟ್ಟೆಯ ತುಂಡುಗಳನ್ನು ಕೇಳಿ ತಂದರು. ಗೈಡು ನೋಡಿ ಮುಖ್ಯವಾದ ನಲವತ್ತೊಂದು ತಿದ್ದುಪಡಿ ಆರಿಸಿದರು. ಹಾಜರಿ ಪುಸ್ತಕ ತೆರೆದು, ಅದರ ಸಾಲಿನಲ್ಲೇ ಒಂದೊಂದು ನಂಬರನ್ನು ಒಬ್ಬೊಬ್ಬರ ಎದೆಗೆ ಪಿನ್ನು ಹಾಕಿದರು. ಹಾಜರಿಯಲ್ಲಿ ಅಕಾರ ಮೊದಲು. ಹೀಗಾಗಿ ಅಕ್ಷತಳಿಗೆ ಒಂದು. ಮಮತಳ ಮಗ ಮಂಜೇಶನಿಗೆ ನಲವತ್ತೆರಡು. ಮೇಘನಳಿಗೆ ಎಪ್ಪತ್ಮೂರು.

ಇದು ನಾಚಿಕೆಯ ಕಥೆಯಾದರೂ ಒಂದು ನಿಜ ಒಪ್ಪಿಕೊಳ್ಳಬೇಕು. ಮಕ್ಕಳು ಕಲಿತರು. ನಾಲ್ಕೇ ದಿನದಲ್ಲಿ ಹೆಸರುಗಳು ಹೋಗಿ ನಂಬರುಗಳೇ ಉಳಿದವು. "ಅಜ್ಜೀ, ಅರವತ್ತೊಂದಕ್ಕೆ ಇನ್ನೊಂದು ಸೌಟು ಸಾರು!" ಎಂದು ಕೂಗುವರು. ಹದಿನೆಂಟು ವರ್ಷಕ್ಕೆ ಓಟು ಕೊಟ್ಟ ತಿದ್ದುಪಡಿ ಅದು, ಆ ಹುಡುಗನಿಗೆ ಹಸಿವು ಜಾಸ್ತಿ. ಐವತ್ತೆರಡನೆಯವನು ಊಟದ ಸಾಲು ಬಿಟ್ಟು ಪಕ್ಕದ ಗಿಡ್ಡ ಸಾಲಿಗೆ ಹಾರಿದಾಗ ಎಲ್ಲರೂ "ಪಕ್ಷಾಂತರ! ಪಕ್ಷಾಂತರ!" ಎಂದು ಕಿರುಚಿ ಅವನನ್ನು ಎಳೆದು ತಂದು ಕಡೆಯಲ್ಲಿ ನಿಲ್ಲಿಸಿದರು. ಪಕ್ಷಾಂತರ ತಡೆಯಲು ಬಂದ ತಿದ್ದುಪಡಿಯೇ ಪಕ್ಷ ಬಿಟ್ಟರೆ ಇನ್ನೇನು ಮಾಡಬೇಕು? ಒಂದು ದಿನ ನಲವತ್ತನಾಲ್ಕನೆಯ ಹುಡುಗ ಮಂಜೇಶನ ತಟ್ಟೆಯ ಮೊಟ್ಟೆಗೆ ಕೈ ಹಾಕಿದ. "ಮೇಷ್ಟ್ರೇ ಹೇಳವ್ರೆ, ನಲವತ್ತೆರಡು ಮಾಡಿದ್ದನ್ನ ಅರ್ಧಕ್ಕರ್ಧ ನಲವತ್ತನಾಲ್ಕು ರದ್ದು ಮಾಡ್ತು ಅಂತ. ಕೊಡೋ ಅರ್ಧ!" ಕೊಟ್ಟ ಮಂಜೇಶ. ಸಂವಿಧಾನದ ಮೇಲೆ ಅಷ್ಟು ಗೌರವ ಅವನಿಗೆ.

ಐದನೆಯ ದಿನ ಊರು ಕಣ್ಣು ಬಿಟ್ಟಿತು.

ಅಕ್ಷತಳ ಅಪ್ಪ ದೊಡ್ಡಬೀರಪ್ಪ ಗ್ರಾಮ ಪಂಚಾಯ್ತಿ ಮೆಂಬರು. ಮಗಳ ಎದೆಯ ಮೇಲೆ ಒಂದು ಎಂದಿರುವುದನ್ನು ನೋಡಿ "ಏನಮ್ಮ ಇದು?" ಎಂದನಂತೆ. "ನಾನು ಒಂದನೇ ತಿದ್ದುಪಡಿ ಅಪ್ಪ," ಎಂದಳಂತೆ ಮಗು. ಒಂದನೇ ಎನ್ನುವುದಷ್ಟೇ ಅವನ ಕಿವಿಯಲ್ಲಿ ನಿಂತಿತು. ಮಾರನೆಯ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಹನ್ನೆರಡು ಅಡಿಯ ಫ್ಲೆಕ್ಸು ಎದ್ದಿತ್ತು. "ಭಾರತ ಸಂವಿಧಾನದ ಮೊದಲನೇ ತಿದ್ದುಪಡಿಯಾಗಿ ಆಯ್ಕೆಯಾದ ನಮ್ಮೂರ ಹೆಮ್ಮೆಯ ಕುವರಿ ಅಕ್ಷತಳಿಗೆ ಹಾರ್ದಿಕ ಅಭಿನಂದನೆಗಳು." ಮಗಳ ಫೋಟೊ ಚೀಟಿಯಷ್ಟು, ಅಪ್ಪನದು ಆಳೆತ್ತರ, ಎರಡೂ ಕೈ ಮುಗಿದು.

ಹೀಗೆ ನಂಬರೆಂದರೆ ರ್‍ಯಾಂಕು ಎಂದು ನಮ್ಮೂರಿನಲ್ಲಿ ತೀರ್ಮಾನವಾಯಿತು. ಒಂದು ಬಂದವರು ಜಾಣರು, ನೂರಾ ಒಂದು ಬಂದವರು ದಡ್ಡರು. ಜಿಎಸ್‌ಟಿ ತಂದ ನೂರಾ ಒಂದನೆಯ ಹುಡುಗಿಯನ್ನು ಅವಳ ಸೋದರತ್ತೆ ತಬ್ಬಿಕೊಂಡು ಅತ್ತಳು.

ಫ್ಲೆಕ್ಸು ಕಟ್ಟಿದ ಒಂದು ಗಂಟೆಯೊಳಗೆ ಮಮತ ಶಾಲೆಯಲ್ಲಿದ್ದಳು. ಮಗ್ಗದ ಸದ್ದಿನ ನಡುವೆ ಮಾತಾಡಿ ರೂಢಿಯಾದವಳು, ಗುಟ್ಟು ಹೇಳಿದರೂ ನಾಲ್ಕು ಮನೆಗೆ ಕೇಳಿಸುತ್ತದೆ.

"ಏನ್ ಮೇಷ್ಟ್ರೇ, ನಮ್ಮ ಮನೆ ಬಟ್ಟೇಲೇ ನಮ್ಮ ಮಗನಿಗೆ ನಲವತ್ತೆರಡು ಬರೆದ್ರಾ? ಕ್ಲಾಸಲ್ಲಿರೋದೇ ನಲವತ್ತೊಂದು ಜನ! ಇರೋರಿಗಿಂತ ಹಿಂದಕ್ಕೆ ಹಾಕಿದೀರಲ್ಲ ಅವನನ್ನ!"

"ಅದು ಹಂಗಲ್ಲ ಮಮತಮ್ಮ, ಅದು ಬಹಳ ದೊಡ್ಡ ತಿದ್ದುಪಡಿ. ಪೀಠಿಕೆಗೇ ಪದ ಸೇರಿಸಿದ್ದು."

"ದೊಡ್ಡದಾದ್ರೆ ದೊಡ್ಡಬೀರಪ್ಪನ ಮಗಳಿಗೆ ಕೊಡಿ. ಅವರ ಚಿಕ್ಕದನ್ನ ನಮಗೆ ಕೊಡಿ."

"ಅವಳ ಹತ್ರ ಕಿತ್ಕೊಳಕ್ಕಾಗುತ್ತಾಮ್ಮ?"

"ಕಿತ್ಕೋಬೇಡಿ. ಇನ್ನೊಂದು ಬರೀರಿ. ಬಟ್ಟೆ ನಾನು ಕೊಡ್ತೀನಿ." ಬ್ಯಾಗಿನಿಂದ ಬಟ್ಟೆ ತೆಗೆದಳು. ಅದರ ಅಡಿಯಲ್ಲಿ ಒಂದು ಸೀರೆಯೂ ಇತ್ತು. "ಇದು ನಿಮ್ಮ ಮನೆಯವರಿಗೆ. ಬೇಡ ಅನ್ಬೇಡಿ."

ಬೇಡ ಎನ್ನುವುದು ಮೇಷ್ಟ್ರಿಗೆ ಬರುತ್ತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. "ಹೌದಮ್ಮ," ಎಂದರು. ಮಧ್ಯಾಹ್ನದ ಹೊತ್ತಿಗೆ ಸಂವಿಧಾನಕ್ಕೆ ಎರಡನೆಯ ಒಂದನೇ ತಿದ್ದುಪಡಿಯಾಯಿತು.

ಆಮೇಲೆ ಸಾಲು ನಿಂತಿತು. ಒಬ್ಬರು ಒಂದು ಮೂಟೆ ಅವರೆಕಾಯಿ ತಂದರು. ಒಬ್ಬರು ನಾಟಿ ಕೋಳಿ ತಂದರು, ಮೇಷ್ಟ್ರು ಕೋಳಿ ತಿನ್ನುವುದಿಲ್ಲವೆಂದು ತಿಳಿದು ಅದರ ಮೊಟ್ಟೆ ತಂದರು, ಮೊಟ್ಟೆಯನ್ನೂ ತಿನ್ನುವುದಿಲ್ಲವೆಂದು ತಿಳಿದು ಸೌತೆಕಾಯಿ ತಂದರು. ಒಂದು ಸಿಗದವರು ಎರಡಾದರೂ ಕೊಡಿ, ಏಳಾದರೂ ಕೊಡಿ, ಹತ್ತರೊಳಗೆ ಯಾವುದಾದರೂ ಸರಿ ಎಂದರು. ನಮ್ಮ ದೇಶ ಎಪ್ಪತ್ತಕ್ಕೂ ಹೆಚ್ಚು ವರ್ಷ ತೆಗೆದುಕೊಂಡು ಮಾಡಿದ ತಿದ್ದುಪಡಿಗಳು ನೂರಾ ಆರು. ಮುನೀಂದ್ರ ಮೇಷ್ಟ್ರು ತಮ್ಮ ಪಟ್ಟಿಯಲ್ಲಿ ಹೊಡೆದುಹಾಕಿ ಬರೆದ ತಿದ್ದುಪಡಿಗಳು ಒಂಬತ್ತು ದಿನದಲ್ಲಿ ಅಷ್ಟನ್ನು ದಾಟಿದವು.

ತಂದದ್ದನ್ನು ಮೇಷ್ಟ್ರು ಮನೆಗೆ ಒಯ್ದರೆಂದು ಯಾರೂ ತಿಳಿಯಬಾರದು. ಒಯ್ಯಲು ನಾಚಿಕೆ, ಹಿಂದಕ್ಕೆ ಕೊಡಲು ಅದಕ್ಕಿಂತ ನಾಚಿಕೆ. ಅವರೆಕಾಯಿ ಮೂಟೆಯನ್ನು ನನ್ನ ಅಡುಗೆಮನೆಯ ಬಾಗಿಲಲ್ಲಿ ಇಳಿಸಿ, "ಅಮ್ಮಯಮ್ಮೋರೇ, ಮಕ್ಕಳಿಗೇ ಹಾಕ್ಬಿಡಿ," ಎಂದು ಹೊರಟುಹೋದರು. ಮೂರು ದಿನ ಅವರೆಕಾಳಿನ ಸಾರು. ಹೆತ್ತವರು ಕೊಟ್ಟ ಲಂಚವನ್ನು ಮಕ್ಕಳು ಬೆರಳು ಚೀಪಿಕೊಂಡು ಉಂಡರು. ಹೆಡ್‌ಮೇಡಂ ಸಾರಿನ ರುಚಿ ನೋಡಿ, "ಇಲಾಖೆಯವರು ಈಗ ಅವರೆಕಾಳೂ ಕೊಡ್ತಾರಾ?" ಎಂದು ಕೇಳಿದರು. ನಾನು ಸೌಟು ತೊಳೆಯಲು ಹೋದೆ.

ಇನ್ನು ನನ್ನ ಸರದಿ.

ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದೆವು. ಮಮತ ಎಲ್ಲರಿಗೂ ಕೇಳುವ ಹಾಗೆ, "ಅಮ್ಮಯಮ್ಮಕ್ಕಾ, ನಿಮ್ಮ ಮೇಘನಂದು ಎಷ್ಟು?" ಎಂದಳು.

"ಎಪ್ಪತ್ಮೂರು."

ಸಾಲಿಗೆ ಸಾಲೇ ನನ್ನ ಕಡೆ ತಿರುಗಿತು. "ಅಯ್ಯೋ ಶಿವನೇ," ಎಂದಳು ಮಮತ. "ದಿನಾ ನಿಮ್ಮ ಕೈಯಡಿಗೆ ಉಣ್ಣೋ ಮೇಷ್ಟ್ರು ನಿಮಗೇ ಎಪ್ಪತ್ಮೂರು ಕೊಟ್ರಾ? ಸಾರಿಗೆ ಉಪ್ಪು ಜಾಸ್ತಿ ಹಾಕಿದ್ರೇನಕ್ಕ?"

ಹಾಲಿನ ಡಿಗ್ರಿ ನೋಡುವ ಹುಡುಗ ಕೂಡ ನಕ್ಕ. ಹದಿನೈದು ವರ್ಷ ಪಾಠ ಕೇಳಿದ ಕಿಟಕಿ ಆ ಗಳಿಗೆಯಲ್ಲಿ ನನಗೆ ಏನೂ ಹೇಳಿಕೊಡಲಿಲ್ಲ. ಎಪ್ಪತ್ಮೂರು ಏನೆಂಬುದು ನನಗೆ ಗೊತ್ತಿತ್ತು. ಮೇಘನ ದಿನವೂ ರಾಗಿ ಬೀಸಿದ ಹಾಗೆ ಅದನ್ನೇ ಹೇಳುತ್ತಿದ್ದಳು. ಗೊತ್ತಿದ್ದೂ ಮನೆಗೆ ಹೋಗಿ ಕಡಲೆಬೇಳೆ ಬೇಯಿಸಿದೆ.

"ಯಾಕಜ್ಜಿ ಒಬ್ಬಟ್ಟು?" ಎಂದಳು ಮೇಘನ.

"ಮೇಷ್ಟ್ರಿಗೆ ಕಣವ್ವ. ನಿಂಗೂ ಒಂದನೇ ನಂಬರೇ ಕೊಡಿ ಅಂತ ಕೇಳ್ತೀನಿ."

ಹುಡುಗಿಯ ಮುಖ ಬಾಡಿತು. "ಬೇಡ ಅಜ್ಜಿ. ನಂಗೆ ಎಪ್ಪತ್ಮೂರೇ ಬೇಕು. ಅದು ಪಂಚಾಯ್ತಿದು. ನಾನು ಎಲ್ಲಾ ಕಲ್ತಿದೀನಿ. ದೊಡ್ಡಬಳ್ಳಾಪುರದಲ್ಲಿ ಅದನ್ನೇ ಹೇಳ್ಬೇಕು."

"ಎಪ್ಪತ್ಮೂರನೆಯವಳನ್ನ ಯಾರು ದೊಡ್ಡಬಳ್ಳಾಪುರಕ್ಕೆ ಕರ್ಕೊಂಡು ಹೋಗ್ತಾರೆ? ಒಂದನೆಯವರನ್ನೇ ಅಲ್ವಾ ಕರೆಯೋದು? ಸುಮ್ನಿರು."

ಶಾಲೆಯಲ್ಲಿ ಮೇಷ್ಟ್ರು ಒಬ್ಬಟ್ಟಿನ ಡಬ್ಬಿ ನೋಡಿ ನಿಟ್ಟುಸಿರು ಬಿಟ್ಟರು. "ನೀವೂನಾ ಅಮ್ಮಯಮ್ಮೋರೇ?" ಎಂದರು. ಆಮೇಲೆ ಎಂದಿನಂತೆ, "ಹೌದಮ್ಮ," ಎಂದರು. ಮೇಘನ ಏಳನೆಯ ಒಂದನೇ ತಿದ್ದುಪಡಿಯಾದಳು.

ಇಪ್ಪತ್ತನೇ ತಾರೀಖು ಬಂತು. ರವಿಶಂಕರ್ ಅವರು ಬರುವ ಹೊತ್ತಿಗೆ ತರಗತಿಯ ಹಿಂದೆ, ಪಕ್ಕ, ಬಾಗಿಲಲ್ಲಿ ಎಲ್ಲೆಲ್ಲೂ ಹೆತ್ತವರು. ಮುಂದಿನ ಕುರ್ಚಿಯಲ್ಲಿ ಇಸ್ತ್ರಿ ಶರ್ಟಿನ ದೊಡ್ಡಬೀರಪ್ಪ. ಕಿಟಕಿಯಲ್ಲಿ ನಾನು, ಕೈಯಲ್ಲಿ ಸೌಟು.

"ಒಂದನೇ ತಿದ್ದುಪಡಿ ಯಾರಪ್ಪ?" ಎಂದರು ರವಿಶಂಕರ್.

ಏಳು ಮಕ್ಕಳು ಎದ್ದು ನಿಂತರು.

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಏಳೇ. "ಏನ್ ಮೇಷ್ಟ್ರೇ ಇದು?"

"ಒಂದನೇದು ಸ್ವಲ್ಪ ದೊಡ್ಡದು ಸಾರ್," ಎಂದರು ಮುನೀಂದ್ರ ಮೇಷ್ಟ್ರು. ಅವರ ಬೆವರು ಹಾಜರಿ ಪುಸ್ತಕದ ಮೇಲೆ ಬೀಳುತ್ತಿತ್ತು. "ಹಂಚಿಕೊಂಡಿದಾರೆ."

ಅಕ್ಷತ ಚೆನ್ನಾಗಿಯೇ ಹೇಳಿದಳು. "ಸರಿ, ನಿನ್ನ ಪಾಲು ಹೇಳಪ್ಪ," ಎಂದು ಅವರು ಮಂಜೇಶನ ಕಡೆ ತಿರುಗಿದರು. ಮಂಜೇಶ ಉಸಿರೆಳೆದುಕೊಂಡು, "ಸಾವಿರದ ಒಂಬೈನೂರ ಎಪ್ಪತ್ತಾರರಲ್ಲಿ ಪೀಠಿಕೆಗೆ ಸಮಾಜವಾದಿ, ಜಾತ್ಯತೀತ ಎಂಬ ಪದಗಳನ್ನು ಸೇರಿಸಲಾಯಿತು," ಎಂದ.

"ಅದು ನಲವತ್ತೆರಡಲ್ವೇನೋ?"

"ಹೌದು ಸಾರ್. ನಾನು ಮೊದ್ಲು ನಲವತ್ತೆರಡಾಗಿದ್ದೆ."

"ಈಗ್ಯಾಕೆ ಒಂದಾದೆ?"

"ಅಮ್ಮ ಸೀರೆ ಕೊಟ್ರು ಸಾರ್."

ದೊಡ್ಡಬೀರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ನೋಡಿ ಸಾರ್, ಸೀರೆ ಕೊಟ್ಟು ತಗೊಂಡವ್ರೆ! ನಮ್ಮುಡುಗಿದೊಂದೇ ಅಸಲಿ, ಮಿಕ್ಕಿದ್ದೆಲ್ಲ ಡೂಪ್ಲಿಕೇಟು!"

"ತಾವು ಯಾರು?"

"ಪಂಚಾಯ್ತಿ ಮೆಂಬರು ಸಾರ್."

"ಒಳ್ಳೇದು. ನಿಮ್ಮ ಪಂಚಾಯ್ತಿಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ ತಿದ್ದುಪಡಿ ಎಷ್ಟನೇದು?"

ದೊಡ್ಡಬೀರಪ್ಪ ಹಿಂದೆ ಮುಂದೆ ನೋಡಲಿಲ್ಲ. "ಒಂದನೇದೇ ಸಾರ್," ಎಂದ.

ಮಕ್ಕಳು ಕಿಸಕ್ಕೆಂದರು. ಅಕ್ಷತ ಮುಖಕ್ಕೆ ಪುಸ್ತಕ ಅಡ್ಡ ಹಿಡಿದಳು. ರವಿಶಂಕರ್ ಅವರು ತರಗತಿಯತ್ತ ತಿರುಗಿ, "ಆ ತಿದ್ದುಪಡಿ ಯಾರ ಹತ್ರ ಇದೆ?" ಎಂದು ಕೇಳಿದರು. ಯಾರ ಹತ್ತಿರವೂ ಇರಲಿಲ್ಲ. ಎಪ್ಪತ್ಮೂರನ್ನು ಬರೆದ ಬಟ್ಟೆ ಮೇಷ್ಟ್ರ ಮೇಜಿನ ಡ್ರಾಯರಿನಲ್ಲಿ ಮಡಿಸಿ ಬಿದ್ದಿತ್ತು. ಮೇಘನಳ ಕೈ ಅರ್ಧ ಮೇಲೆದ್ದಿತು, ಇಳಿಯಿತು, ಮತ್ತೆ ಎದ್ದಿತು.

"ನಿನ್ನ ಎದೆ ಮೇಲೆ ಒಂದು ಇದೆಯಲ್ಲಮ್ಮ?"

"ನಂದು ಎಪ್ಪತ್ಮೂರಿತ್ತು ಸಾರ್."

"ಅದ್ಯಾಕೆ ಹೋಯ್ತು?"

ಅವಳು ಕಿಟಕಿಯ ಕಡೆ ನೋಡಲಿಲ್ಲ. ನೋಡಿದ್ದರೆ ಎಷ್ಟೋ ವಾಸಿಯಿತ್ತು. ನೆಲ ನೋಡಿಕೊಂಡು, "ನಮ್ಮಜ್ಜಿ ಒಬ್ಬಟ್ಟು ಕೊಟ್ಟು ಬದಲಾಯಿಸಿದ್ರು ಸಾರ್," ಎಂದಳು.

ತರಗತಿಯ ಎಲ್ಲ ಕಣ್ಣುಗಳೂ ಕಿಟಕಿಗೆ ಬಂದವು. ನಾನು ಅನ್ನದ ಪಾತ್ರೆಯ ಮುಚ್ಚಳ ತೆಗೆದೆ, ಹಬೆಯಾದರೂ ಮುಖ ಮುಚ್ಚಲಿ ಎಂದು. ಅನ್ನ ಆರಿಹೋಗಿತ್ತು.

ಆಮೇಲೆ ಯಾರೂ ಕೇಳುವ ಅಗತ್ಯವೇ ಬೀಳಲಿಲ್ಲ. ಮಕ್ಕಳು ಒಬ್ಬರಾದ ಮೇಲೊಬ್ಬರು ಎದ್ದು ತಾವಾಗಿಯೇ ಒಪ್ಪಿಸಿದರು. "ನಮ್ಮಪ್ಪ ಅವರೆಕಾಯಿ ಸಾರ್." "ನಮ್ಮ ಮಾವ ಸೌತೆಕಾಯಿ ಸಾರ್." "ನಮ್ಮನೇಲಿ ಕೋಳಿ ಕೊಟ್ಟು ವಾಪಸ್ ತಗೊಂಡ್ವಿ ಸಾರ್." ಹಿಂದೆ ನಿಂತಿದ್ದ ಹೆತ್ತವರು ಒಬ್ಬರ ಬೆನ್ನಿನ ಹಿಂದೆ ಒಬ್ಬರು ಅಡಗಲು ನೋಡಿದರು. ಎಲ್ಲರೂ ಅಡಗುವಷ್ಟು ಬೆನ್ನುಗಳು ಅಲ್ಲಿರಲಿಲ್ಲ. ಹೆಡ್‌ಮೇಡಂ ಮೆಲ್ಲಗೆ, "ಅಂದ್ರೆ ಆ ಸಾರು..." ಎಂದು ಕೈಯಿಂದ ಬಾಯಿ ಮುಚ್ಚಿಕೊಂಡರು.

ರವಿಶಂಕರ್ ಅವರು ಮುನೀಂದ್ರ ಮೇಷ್ಟ್ರ ಕಡೆ ತಿರುಗಿದರು. "ಯಾರಿಗೂ ಇಲ್ಲ ಅನ್ನೋದೇ ಇಲ್ವಾ ನೀವು?"

"ಅಂತೀನಿ ಸಾರ್."

"ಇವರಲ್ಲಿ ಯಾರಿಗಾದ್ರೂ ಅಂದಿದೀರಾ?"

ಮೇಷ್ಟ್ರು ಕಣ್ಣು ಮುಚ್ಚಿದರು. "ಇಲ್ಲ ಸಾರ್."

ನಮ್ಮ ಶಾಲೆಯಲ್ಲಿ ಅವರು ಹೇಳಿದ ಮೊದಲನೆಯ ಇಲ್ಲ ಅದು.

"ಹಾಗಾದ್ರೆ ನಾನು ಯಾರನ್ನೂ ಆರಿಸೋಕಾಗಲ್ಲ," ಎಂದು ರವಿಶಂಕರ್ ಪುಸ್ತಕ ಮುಚ್ಚಿದರು. "ಅವರವರ ನಂಬರಿನ ಮೇಲೆ ಮಾತಾಡ್ಬೇಕು ಅನ್ನೋದು ನಿಯಮ. ಈ ಅಕ್ಷತನ ಬಿಟ್ರೆ ಗೊತ್ತಿರೋ ನಂಬರು ಯಾರ ಹತ್ರಾನೂ ಇಲ್ಲ, ಇರೋ ನಂಬರು ಯಾರಿಗೂ ಗೊತ್ತಿಲ್ಲ. ಒಬ್ಬಳೇ ಓಡಿದ್ರೆ ಅದು ಪಂದ್ಯಾನಾ?"

ಅವರು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟರು. ಮೇಘನ ಇನ್ನೂ ನಿಂತೇ ಇದ್ದಳು. "ಸಾರ್, ನಿಯಮಾನ ತಿದ್ಬಹುದಲ್ವಾ ಸಾರ್? ಮೂರರಲ್ಲಿ ಎರಡು ಪಾಲು ಒಪ್ಪಿದ್ರೆ? ಎಲ್ಲರ ನಂಬರೂ ಮೊದ್ಲಿದ್ದಂಗೆ ಆಗ್ಲಿ ಅಂತ ಕೇಳಿ ಸಾರ್."

ರವಿಶಂಕರ್ ನಿಂತರು. ತಿರುಗಿದರು. "ನಲವತ್ತೊಂದಕ್ಕೆ ಎಷ್ಟು ಬೇಕಾಗುತ್ತೆ?"

"ಇಪ್ಪತ್ತೆಂಟು ಸಾರ್."

"ಒಪ್ಪೋರು ಕೈ ಎತ್ತಿ."

ಮೊದಲು ಎದ್ದದ್ದು ದೊಡ್ಡಬೀರಪ್ಪನ ಎರಡೂ ಕೈ.

"ಮೆಂಬರ್ರೇ, ಇಲ್ಲಿ ನಿಮಗೆ ಓಟಿಲ್ಲ."

ದೊಡ್ಡಬೀರಪ್ಪನ ಕೈ ಇಳಿದವು. ಮಕ್ಕಳದು ಒಂದೊಂದಾಗಿ ಎದ್ದವು. ಹಿಂದಿನಿಂದ ಹೆತ್ತವರು ಕೆಮ್ಮುವುದು, ಕಣ್ಣು ಬಿಡುವುದು, ಹಲ್ಲು ಕಚ್ಚುವುದು ನಡೆದೇ ಇತ್ತು. ಹೆಡ್‌ಮೇಡಂ ಎಣಿಸಿದರು. ಇಪ್ಪತ್ತೇಳು. ಮತ್ತೆ ಎಣಿಸಿದರು. ಇಪ್ಪತ್ತೇಳೇ.

"ಲೋ ಮಂಜೇಶಾ, ಎತ್ತೀಯ ಜೋಕೆ!" ಎಂದು ಮಮತ ಗುಟ್ಟಾಗಿ ಹೇಳಿದಳು. ಊರ ಕೆರೆಯ ತನಕ ಕೇಳಿಸಿತು.

ಮಂಜೇಶ ಕೈ ಎತ್ತಿದ. "ಹೋಗ್ಲಿ ಬಿಡಮ್ಮ," ಎಂದ. "ಒಂದರಲ್ಲಿ ನಂಗೇನೂ ಗೊತ್ತಿಲ್ಲ. ನಲವತ್ತೆರಡಾದ್ರೆ ನೀರು ಕುಡಿದಂಗೆ ಬರುತ್ತೆ."

ಮೇಷ್ಟ್ರು ಡ್ರಾಯರಿನಿಂದ ಹಳೆಯ ಬಟ್ಟೆಗಳನ್ನು ತೆಗೆದು ಒಬ್ಬೊಬ್ಬರಿಗೂ ತಾವೇ ಪಿನ್ನು ಹಾಕಿದರು. ಎರಡು ಸಲ ತಮ್ಮ ಬೆರಳಿಗೇ ಚುಚ್ಚಿಕೊಂಡರು. ಮಕ್ಕಳೆಲ್ಲ ಅವರವರ ಹಳೆಯ ನಂಬರಿನ ಮೇಲೆ ಹೇಳಿದ ಮೇಲೆ ಕಡೆಗೆ ಮೇಘನ ಮಾತಾಡಿದಳು. ಐದು ವರ್ಷಕ್ಕೊಮ್ಮೆ ಪಂಚಾಯ್ತಿಗೆ ಚುನಾವಣೆ ಆಗಲೇಬೇಕು ಎಂದು ಬರೆದದ್ದು, ಹೆಂಗಸರಿಗೆ ಮೂರರಲ್ಲಿ ಒಂದು ಪಾಲಾದರೂ ಇಡಲೇಬೇಕು ಎಂದು ಬರೆದದ್ದು, ನಮ್ಮ ರಾಜ್ಯದಲ್ಲಿ ಅದು ಅರ್ಧವಾದದ್ದು ಎಲ್ಲವನ್ನೂ ಹೇಳಿದಳು. "ಅದನ್ನ ತಂದಿದ್ದು ಇದೇನಾ?" ಎಂದು ದೊಡ್ಡಬೀರಪ್ಪ ಕುರ್ಚಿಯಲ್ಲೇ ಅರ್ಧ ಎದ್ದ. ಹೆಂಗಸರ ಪಾಲಿಗೆ ಹೋಗಲಿರುವ ತನ್ನ ವಾರ್ಡಿನ ಚಿಂತೆ ಅವನಿಗೆ. ಮೇಘನ ನಿಲ್ಲಿಸಲಿಲ್ಲ. "ಗ್ರಾಮಸಭೆಯಲ್ಲಿ ಯಾರು ಬೇಕಾದರೂ ಎದ್ದು ನಿಂತು ಕೇಳಬಹುದು. ಅಡುಗೆ ಮಾಡುವವರೂ ಕೇಳಬಹುದು. ಕೇಳೋದಕ್ಕೆ ಯಾರಿಗೂ ಏನೂ ಕೊಡಬೇಕಾಗಿಲ್ಲ," ಎಂದು ಮುಗಿಸಿದಳು.

ಚಪ್ಪಾಳೆ ಹೊಡೆದವರು ಮಕ್ಕಳು ಮತ್ತು ರವಿಶಂಕರ್. ಮಿಕ್ಕವರು ಅವರವರ ಚಪ್ಪಲಿ ನೋಡಿಕೊಳ್ಳುತ್ತಿದ್ದರು.

"ಇಪ್ಪತ್ತಾರಕ್ಕೆ ನೀನೇ ಬಾಮ್ಮ," ಎಂದರು ರವಿಶಂಕರ್. "ಜೊತೆಗೆ ಮನೆಯಿಂದ ದೊಡ್ಡವರೊಬ್ಬರು ಬರ್ಬೇಕು. ಯಾರು ಬರ್ತಾರೆ?"

ಆಗ ಮೇಘನ ಕಿಟಕಿಯ ಕಡೆ ತಿರುಗಿದಳು. ನಾನು ಸೌಟನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಯಾಕೆಂದು ಕೇಳಬೇಡಿ.

"ನಮ್ಮಜ್ಜಿ ಬರ್ತಾರೆ ಸಾರ್," ಎಂದಳು. ಸ್ವಲ್ಪ ಯೋಚಿಸಿ ಸೇರಿಸಿದಳು, "ಆದ್ರೆ ಬರಿಗೈಲಿ ಬರ್ಬೇಕು."

ಇಪ್ಪತ್ತಾರರ ಬೆಳಿಗ್ಗೆ ದೊಡ್ಡಬಳ್ಳಾಪುರದ ಬಸ್ಸಿನಲ್ಲಿ ಅವಳು ತುಟಿಯಲ್ಲೇ ಎಪ್ಪತ್ಮೂರನ್ನು ಹೇಳಿಕೊಳ್ಳುತ್ತಾ ಕೂತಿದ್ದಳು. ಪಕ್ಕದಲ್ಲಿ ನಾನು, ಎರಡೂ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೋ ಊರು ಬರುವವರೆಗೂ ತಿಳಿಯದೆ.